ಖಾಲಿ ಬಿಟ್ಟ ಚರಣ

ಅಕ್ಕಾ,
ಕೆಲಸದ ವಿಷಯ ಆಮೇಲೆ, ಮೊದಲು ಇದನ್ನು ಕೇಳು. ನಮ್ಮ ವರ್ಕ್‌ಶಾಪಿನ ವೆಲ್ಡರ್ ಭಾನುವಾರ ಮಧ್ಯಾಹ್ನ ನನ್ನನ್ನು ತಮ್ಮ ಹಾಡಿನ ಕ್ಲಬ್ಬಿಗೆ ಕರೆದೊಯ್ದರು. ಚಪ್ಪಲಿ ಅಂಗಡಿಯ ಹಿಂದಿನ ಕೋಣೆ, ಮೈಕಿಲ್ಲ, ವೇದಿಕೆಯಿಲ್ಲ. ಹತ್ತು ಜನ ಗಿಟಾರು, ಪಿಟೀಲು ಹಿಡಿದು ಸುತ್ತ ಕೂತಿದ್ದರು. ಸರದಿ ಬಂದವರು ಒಂದು ಜನಪದ ಹಾಡು ಎತ್ತಿಕೊಂಡರೆ ಉಳಿದವರು ದನಿಗೂಡಿಸುತ್ತಾರೆ. ಸರದಿ ಒಂದು ಖಾಲಿ ಕುರ್ಚಿಗೆ ಬಂತು. ಆಗಲೂ ಹಾಡು ಶುರುವಾಯಿತು! ಪಲ್ಲವಿಯನ್ನು ಎಲ್ಲರೂ ಹಾಡಿದರು. ಚರಣ ಬಂದಾಗ ಬಾಯಿ ಮುಚ್ಚಿ ಬರೀ ವಾದ್ಯ ನುಡಿಸಿದರು. ಪಾಪ, ಸಾಲು ಮರೆತಿದ್ದಾರೆ ಎಂದುಕೊಂಡು ನಾನು ಹುಂಬನಂತೆ ಅದೇ ಧಾಟಿಗೆ ಅಪ್ಪನ ಹಾಡಿನ ಸಾಲು ಹೊಂದಿಸಿ ದನಿ ತೆಗೆದೆ. ವಾದ್ಯಗಳೆಲ್ಲ ನಿಂತುಬಿಟ್ಟವು.

ಪಿಟೀಲು ನುಡಿಸುವ ಹೆಂಗಸು ಮೆಲ್ಲಗೆ ಹೇಳಿದರು: "ಅದು ನಮ್ಮೆಜಮಾನ್ರ ಕುರ್ಚಿ. ಅವರು ಹೋಗಿ ವರ್ಷ ಆಯ್ತು. ಚರಣ ಅವರೇ ಹಾಡ್ತಿದ್ರು, ಅದಕ್ಕೇ ಖಾಲಿ ಬಿಡ್ತೀವಿ."

ನಾಚಿಕೆಯಿಂದ ನೆಲ ನೋಡುತ್ತ ತಪ್ಪಾಯಿತು ಎಂದೆ.

"ನೀವು ಹಾಡಿದ್ದು ಯಾರ ಹಾಡು?"

"ನಮ್ಮಪ್ಪಂದು. ಅವರೂ ಇಲ್ಲ ಈಗ."

ಆಕೆ ಪಿಟೀಲಿನ ಕಮಾನು ಎತ್ತಿಕೊಂಡರು. "ಹಾಗಾದ್ರೆ ಪೂರ್ತಿ ಹಾಡಿ. ಇವತ್ತೊಂದಿನ ತುಂಬಿರ್ಲಿ."

ಹಾಡಿದೆ ಅಕ್ಕಾ, ಅಪ್ಪ ಹೋದಮೇಲೆ ಮೊದಲ ಸಲ.

ನನ್ನ ಕೆಮ್ಮು ವಾಸಿಯಾಗಿದೆ, ಔಷಧಿ ಕಳಿಸಬೇಡ. ಅಮ್ಮ ಅಪ್ಪನ ಆ ಹಾಡು ಗುನುಗಿದಾಗಲೆಲ್ಲ ಅಳುತ್ತಾಳೆಂದು ನಾವು ಟಿ.ವಿ. ಜೋರು ಮಾಡುತ್ತಿದ್ದೆವಲ್ಲ, ಇನ್ನು ಮೇಲೆ ಆರಿಸಿಬಿಡು. ಕಾರ್ಡು ತುಂಬಿತು.

ನಿನ್ನ ತಮ್ಮ