ಬಾವುಟ ಏರಿದ ದಿನ ಹುಟ್ಟಿದವರು

ಚಿಪಾಟಾ, ಜಾಂಬಿಯಾ
ಅಕ್ಟೋಬರ್ 27, 2024

ಕೋತಿ ತಿನ್ನುವ ಕುಲದ ನನ್ನ ಗೆಳತಿ ಮುಟಾಲೆಗೆ,

ಇಲಿ ತಿನ್ನುವ ಕುಲದ ಎನೆಲೆಸಿಯ ವಂದನೆಗಳು. ಕಸಾಮಾದಲ್ಲಿ ನೀನು ಗಟ್ಟಿಮುಟ್ಟಾಗಿದ್ದೀಯ ಎಂದು ಚರ್ಚಿನವರು ಹೇಳಿದರು. ಇಪ್ಪತ್ತೇಳು ವರ್ಷ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ತಪ್ಪು ನನ್ನದೇ. ಆದರೂ ನೀನೊಂದು ಸಾಲು ಗೀಚಿದ್ದರೆ ನಿನ್ನ ಗಂಟೇನೂ ಹೋಗುತ್ತಿರಲಿಲ್ಲ.

ಇಲ್ಲಿ ಇನ್ನೂ ಮಳೆಯಿಲ್ಲ. ದಿನಕ್ಕೆ ಮೂರು ಗಂಟೆ ಕರೆಂಟು ಬಂದರೆ ಅದೇ ಹಬ್ಬ. ಇಂಥದ್ದರಲ್ಲಿ ಗುರುವಾರ ಸ್ವಾತಂತ್ರ್ಯದ ಅರವತ್ತನೇ ವರ್ಷ ಆಚರಿಸಿದೆವು. ನನ್ನನ್ನೂ ವೇದಿಕೆ ಮೇಲೆ ಕೂರಿಸಿದರು. ಬಾವುಟ ಏರಿದ ದಿನ ಇಲ್ಲಿಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ ನರ್ಸುಗಳಲ್ಲಿ ಉಳಿದಿರುವವಳು ನಾನೊಬ್ಬಳೇ ನೋಡು.

ಅವತ್ತು ಏಳು ಹೆರಿಗೆ. ನಿನ್ನ ಕಸೋಂದೆ ನಾಲ್ಕನೆಯವನು, ಹೇಳಿದ ದಿನಕ್ಕಿಂತ ಎರಡು ವಾರ ಮುಂಚೆ. ನಿನ್ನ ಗಂಡ ಪೋಸ್ಟಾಫೀಸಿನಿಂದ ಓಡಿ ಬಂದು, "ಸಿಸ್ಟರ್, ಇವನು ಬ್ರಿಟಿಷರ ಕಾಲದ ಒಂದು ದಿನಾನೂ ನೋಡ್ಲಿಲ್ಲ! ಯಾರ ಮುಂದೇನೂ ಟೋಪಿ ತೆಗೆದು ನಿಲ್ಲೋ ಹಣೆಬರಹ ಇಲ್ಲ ನನ್ನ ಮಗನಿಗೆ" ಅಂದ. ನನಗಾಗ ಇಪ್ಪತ್ತೊಂದು. ಆ ಮಾತನ್ನು ಪೂರ್ತಿ ನಂಬಿದೆ.

ಮೊನ್ನೆ ಆ ದಿನ ಹುಟ್ಟಿದವರನ್ನೆಲ್ಲ ವೇದಿಕೆಗೆ ಕರೆದರು. ಮೂವರು ಬಂದರು. ಒಬ್ಬ ಬಸ್ ಡ್ರೈವರ್, ಒಬ್ಬಾಕೆ ಹೆಡ್‌ಮಿಸ್ಟ್ರೆಸ್, ಇನ್ನೊಬ್ಬನ ಕೈಯಲ್ಲಿ ಊರುಗೋಲು. ಕಸೋಂದೆ ಬದುಕಿದ್ದರೆ ಅವನ ತಲೆಯೂ ಹೀಗೇ ನರೆಯುತ್ತಿತ್ತಲ್ಲ ಅನಿಸಿತು. ಅಷ್ಟರಲ್ಲಿ ಶಾಲೆಯ ಹುಡುಗಿಯೊಬ್ಬಳು ಮೈಕು ಹಿಡಿದು, "ಅಜ್ಜಿ, ಅವತ್ತು ನೀವು ಆಸೆ ಪಟ್ಟಿದ್ದೆಲ್ಲ ಆಯ್ತಾ?" ಅಂದಳು.

"ಎಲ್ಲಾ ಎಲ್ಲಾಗುತ್ತೆ ಮಗಾ? ಅವತ್ತು ಹುಟ್ಟಿದ ಏಳು ಮಕ್ಕಳಲ್ಲಿ ನಾಲ್ಕು ಜನ ನನಗಿಂತ ಮೊದಲೇ ಹೋದ್ರು. ಏಡ್ಸ್ ಕಾಯಿಲೆಗೆ ಔಷಧಿ ಬರೋದು ತಡವಾಯ್ತು. ಆದ್ರೆ ಅವತ್ತು ಡಾಕ್ಟರ್ ಅಂದ್ರೆ ಬಿಳಿಯರೇ. ಇವತ್ತು ನನ್ನ ಬಿಪಿ ನೋಡೋಳು ನಾನು ಹೆರಿಗೆ ಮಾಡಿಸಿದವಳ ಮಗಳು. ಉಪ್ಪು ಬಿಡು ಮುದುಕಿ ಅಂತ ನಮ್ಮ ಭಾಷೇಲೇ ಬೈತಾಳೆ" ಅಂದೆ. ಜನ ನಕ್ಕರು.

ಮನೆಗೆ ಬಂದಮೇಲೆ ಮೊಮ್ಮಗಳು ತಂಡಿವೆಗೆ ಕಸೋಂದೆಯ ಕಥೆ ಹೇಳಿದೆ. ಲುಸಾಕಾದಲ್ಲಿ ಬೆಳೆದವಳು, ಕಣ್ಣು ಬಿಟ್ಟಳು. "ಸಾವಿನ ಮನೇಲಿ ತಮಾಷೆ ಮಾಡಿದ್ಯಾ ಅಜ್ಜಿ?"

"ನಾವು ಎನ್‌ಗೋನಿಗಳು, ಅವರು ಬೆಂಬಾಗಳು. ಹಿಂದೆ ಈಟಿ ಹಿಡಿದು ಕಾದಾಡಿದೋರು, ಈಗ ಕೋತಿ ತಿನ್ನೋರು, ಇಲಿ ತಿನ್ನೋರು ಅಂತ ಬರೀ ಬಾಯಲ್ಲಿ ಕಾದಾಡ್ತೀವಿ. ಅವರ ಮನೇಲಿ ಸಾವಾದ್ರೆ ನಾವು ಹೋಗಿ ಸತ್ತವರನ್ನ ಆಡಿಕೊಂಡು ಅಳೋರನ್ನ ನಗಿಸ್ಬೇಕು. ನಮ್ಮನೇಲಾದ್ರೆ ಅವರು ಬರ್ತಾರೆ" ಅಂದೆ.

ಇಪ್ಪತ್ತೇಳು ವರ್ಷದ ಹಿಂದೆ ಕಸೋಂದೆ ತೀರಿಕೊಂಡಾಗ ಎರಡು ದಿನ ಬಸ್ಸಿನಲ್ಲಿ ನಿಮ್ಮನೆಗೆ ಬಂದು ನಾನು ಅದನ್ನೇ ಮಾಡಿದೆ. "ಈ ಬೆಂಬಾಗಳಿಗೆ ಎಲ್ಲಾದಕ್ಕೂ ಅವಸರ! ಬಾವುಟ ನೋಡ್ಬೇಕು ಅಂತ ಎರಡು ವಾರ ಮುಂಚೆ ಬಂದ, ಈಗ ಅಮ್ಮನಿಗಿಂತ ಮುಂಚೆ ಹೊರಟ" ಅಂದೆ. ಅಂಗಳವೆಲ್ಲ ನಕ್ಕಿತು. ನೀನು ಮುಖ ಮುಚ್ಚಿಕೊಂಡು ಒಳಗೆ ಎದ್ದುಹೋದೆ. ಪದ್ಧತಿ ಏನೇ ಇರಲಿ, ಹೆತ್ತವಳ ಎದುರು ಆ ಮಾತು ಆಡಬಾರದಿತ್ತು. ಅವನನ್ನು ಮೊದಲು ಎತ್ತಿಕೊಂಡದ್ದು ಈ ಕೈ, ಮುಟಾಲೆ. ನಗಿಸಲು ಬಂದವಳು ಅಳುವಂತಿರಲಿಲ್ಲ. ಅದಕ್ಕೇ ಬಾಯಿಗೆ ಬಂದದ್ದನ್ನೆಲ್ಲ ಆಡಿಬಿಟ್ಟೆ.

ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನಿನ್ನ ಮೊಮ್ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ
ಎನೆಲೆಸಿ ಜೆರೆ

ತಾ.ಕ.: ನೀನೇ ಮುಂದೆ ನಿಂತು ನನಗೆ ಗಂಟುಹಾಕಿದ ಯೋನಾ ಜೂನ್ ತಿಂಗಳಲ್ಲಿ ಹೋದ. ನಿನಗೆ ಹೇಳಿ ಕಳಿಸಲಿಲ್ಲ. ಹೇಳಿಯೂ ನೀನು ಬರದಿದ್ದರೆ ಎಂಬ ಭಯ. ಊರಿನ ಬೆಂಬಾಗಳು ಬಂದು ಅವನ ಗೊರಕೆ, ಅವನ ಜಿಪುಣತನ ಎಲ್ಲವನ್ನೂ ಚೆನ್ನಾಗಿಯೇ ಅಣಕಿಸಿದರು. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ನಾನು ಬಾಗಿಲು ನೋಡುತ್ತ ಕೂತಿದ್ದೆ. ನಾಲ್ಕು ತಿಂಗಳಾಯಿತು, ನನ್ನನ್ನು ಯಾರೂ ಇನ್ನೂ ನಗಿಸಿಲ್ಲ ಕಣೇ.