ಬುನಾದಿ ಕಿತ್ತು ಮಹಡಿ ಕಟ್ಟಹೊರಟ ಕುಲಪತಿಗಳಿಗೆ

ಮಾನ್ಯ ಕುಲಪತಿಗಳೇ,

ಕಲೆ ಮತ್ತು ಮಾನವಿಕ ವಿಷಯಗಳಲ್ಲಿ ಪದವಿಗೆ ಮೊದಲಿನ ಬುನಾದಿ ವರ್ಷವನ್ನು ಈ ಸೆಪ್ಟೆಂಬರಿನಿಂದ ನಿಲ್ಲಿಸಿದ್ದೀರಿ. ಸೀಟು ಸಿಕ್ಕಿ, ಹೊಸ ಚೀಲ ಕೊಂಡು ಕಾದು ಕೂತವರಿಗೆ ಆ ಸುದ್ದಿಯನ್ನು ಶುಕ್ರವಾರ ಸಂಜೆ, ತಮ್ಮ ಕಚೇರಿಯ ಬಾಗಿಲು ಹಾಕಿಯಾದ ಮೇಲೆ, ಇಮೇಲಿನಲ್ಲಿ ಕಳಿಸಿದ್ದೀರಿ. ಶನಿವಾರ, ಭಾನುವಾರ ಯಾರೂ ಫೋನ್ ಎತ್ತುವುದಿಲ್ಲ. ಸೋಮವಾರದ ಹೊತ್ತಿಗೆ ಅಳುವವರು ಅತ್ತು ಮುಗಿಸಿರುತ್ತಾರೆ. ಈ ಜಾಣತನಕ್ಕೆ ಮೊದಲು ನನ್ನದೊಂದು ನಮಸ್ಕಾರ.

ಆ ಸಂದೇಶ ಬಂದವರಲ್ಲಿ ನನ್ನ ಅಕ್ಕ ಲೊರೇನ್ ಒಬ್ಬಳು. ಅವಳ ಪರವಾಗಿ, ಅವಳನ್ನು ಕೇಳದೆಯೇ, ಈ ಪತ್ರ ಬರೆಯುತ್ತಿದ್ದೇನೆ. ಕೇಳಿದ್ದರೆ ಬೇಡವೆನ್ನುತ್ತಿದ್ದಳು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಈ ಊರಿನ ಬಹುಪಾಲು ಮನೆಗಳಿಗೆ ನಾನು ಹೋಗಿದ್ದೇನೆ, ಆದರೆ ಯಾರೂ ನನ್ನನ್ನು ಸಂತೋಷದಿಂದ ಬರಮಾಡಿಕೊಂಡಿಲ್ಲ. ನಾನು ಶವವಾಹನದ ಚಾಲಕಿ. ಕರಿ ಕೋಟು, ಕರಿ ಟೋಪಿ, ನಿಧಾನದ ಓಟ. ಹಿಂದೆ ಮಲಗಿದವರು ಇದುವರೆಗೆ ಒಬ್ಬರೂ ದೂರು ಕೊಟ್ಟಿಲ್ಲ. ಚಿತಾಗಾರದ ಹೊರಗೆ ಪ್ರಾರ್ಥನೆ ಮುಗಿಯುವವರೆಗೆ ಕಾಯಬೇಕಲ್ಲ, ಆಗ ಓದುವ ಚಟ ಹತ್ತಿತು. ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ; ರಾಜರ ಚರಿತ್ರೆಯ ಮೇಲೆ ಪ್ರೇಮಕಥೆ, ಅದರ ಮೇಲೆ ಒಬ್ಬ ಜರ್ಮನ್ ತತ್ವಜ್ಞಾನಿ. ಹದಿನಾರಕ್ಕೆ ಶಾಲೆ ಬಿಟ್ಟವಳು, ತೋರಿಸಲು ಒಂದು ಸರ್ಟಿಫಿಕೇಟ್ ಇಲ್ಲ. ಅಂಥವರೂ ಒಂದು ವರ್ಷ ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಓದಿ, ಪಾಸಾದರೆ ಪದವಿಗೆ ಸೇರಬಹುದು ಎಂದು ತಮ್ಮದೇ ವಿಶ್ವವಿದ್ಯಾಲಯ ಬಸ್ಸಿನ ಬೆನ್ನಿಗೆ ಜಾಹೀರಾತು ಅಂಟಿಸಿತ್ತು. ಆ ಬಸ್ಸಿನ ಹಿಂದೆ ನಾನು ಶವ ಹೊತ್ತು ಸಾಗುತ್ತಿದ್ದೆ. ನಿಧಾನ ಹೋಗುವವರಿಗೆ ಓದಲು ಸಮಯ ಸಿಗುತ್ತದೆ.

ಸೇರುತ್ತೇನೆಂದಾಗ ಹೆಚ್ಚು ನಕ್ಕವಳು ಇದೇ ಲೊರೇನ್. ಸಮುದ್ರದಂಡೆಯ ಹೋಟೆಲೊಂದರ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಹಾಸಿಗೆಯ ಬಟ್ಟೆ ನೋಡಿ ಮನುಷ್ಯರನ್ನು ಅಳೆದುಬಿಡುತ್ತೇನೆ ಎನ್ನುವವಳು.

"ಅಲ್ಲ ಕಣೇ ಗೇನರ್, ತತ್ವಶಾಸ್ತ್ರ ಓದಿ ಯಾರಿಗೆ ಹೇಳ್ತೀಯ? ಹಿಂದಿನ ಸೀಟಿನೋರಿಗಾ?"

ಆದರೂ ಸೇರಿದೆ. ಮೊದಲ ಪ್ರಬಂಧದಲ್ಲೇ ಫೇಲಾದಾಗ ಅವಳು ಹೇಳಿದ್ದೇ ಸರಿ ಎನಿಸಿಬಿಟ್ಟಿತು. ಊರಿನ ಉದ್ಯಾನದಲ್ಲಿರುವ, ಗುಲಾಮರನ್ನು ಮಾರಿ ಹಣ ಮಾಡಿದ ಹಳೆಯ ವ್ಯಾಪಾರಿಯ ಪ್ರತಿಮೆ ಇರಬೇಕೆ, ತೆಗೆಯಬೇಕೆ ಎಂಬುದು ವಿಷಯ. ಇವರು ಹೀಗೆನ್ನುತ್ತಾರೆ, ಅವರು ಹಾಗೆನ್ನುತ್ತಾರೆ ಎಂದು ಪುಟ ತುಂಬಿಸಿದ್ದೆ. ನಮಗೆ ಪಾಠ ಹೇಳುತ್ತಿದ್ದ ಡಾಕ್ಟರ್ ಅಯೋನಾ ಮಕ್ರೇ ಪಕ್ಕದಲ್ಲಿ ಕೂರಿಸಿಕೊಂಡು, "ಇದರಲ್ಲಿ ಎಲ್ಲರ ಮಾತೂ ಇದೆ ಗೇನರ್. ನಿಮ್ಮ ಮಾತೆಲ್ಲಿ?" ಎಂದು ಕೇಳಿದರು. ನಾನು ಬಾಯಿ ಮುಚ್ಚಿಕೊಂಡಿರುವುದಕ್ಕೇ ಸಂಬಳ ತೆಗೆದುಕೊಳ್ಳುವವಳು. ನನ್ನ ಮಾತು ಏನೆಂದು ಆವರೆಗೆ ಯಾರೂ ಕೇಳಿರಲಿಲ್ಲ. ಮನೆಗೆ ಹೋಗಿ ಅದನ್ನು ಹುಡುಕಿದೆ. ಎರಡನೆಯ ಸಲ ಪಾಸಾದೆ. ಹೊಗಳುವಂಥ ಅಂಕವೇನಲ್ಲ, ಆದರೆ ಪ್ರತಿಮೆಯ ವಿಷಯದಲ್ಲಿ ಈಗ ಯಾರ ಜತೆ ಬೇಕಾದರೂ ಜಗಳಕ್ಕೆ ನಿಲ್ಲಬಲ್ಲೆ.

ಆ ಫೆಬ್ರುವರಿಯಲ್ಲಿ ಲೊರೇನಳ ಗಂಡ ಕ್ಲಿಫ್ ತೀರಿಕೊಂಡ. ಭಾನುವಾರದ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದವನು. ಮೈದಾನದ ಅಂಚಿನಲ್ಲಿ ಶೂ ದಾರ ಕಟ್ಟಲು ಬಗ್ಗಿದವನು ಏಳಲಿಲ್ಲ. ಪಾದ್ರಿಗಳು ಮನೆಗೆ ಬಂದು ನಾಲ್ಕು ಮಾತು ಕೇಳಿಕೊಂಡು ಹೋಗಿ, ಅಂತ್ಯಕ್ರಿಯೆಯಲ್ಲಿ ಓದಲಿರುವುದನ್ನು ಬರೆದು ಕಳಿಸಿದರು. ಕ್ಲಿಫ್ ಬಂದರೆ ಕೋಣೆಗೇ ಬೆಳಕು ಬರುತ್ತಿತ್ತಂತೆ. ನಿಜದಲ್ಲಿ ಕ್ಲಿಫ್ ಕೋಣೆಗೆ ಬಂದರೆ ಮೊದಲು ಮಾಡುತ್ತಿದ್ದ ಕೆಲಸವೇ ಲೈಟು ಆರಿಸುವುದು. ಲೊರೇನ್ ಅದನ್ನು ಓದಿ ಮೇಜಿನ ಮೇಲಿಟ್ಟಳು.

"ಈ ಮನುಷ್ಯ ಯಾರೋ ನಂಗೊತ್ತಿಲ್ಲ," ಎಂದಳು. "ನಾನು ಮದುವೆ ಆಗಿದ್ದು ಇವನನ್ನಲ್ಲ. ನೀನು ಬರಿ."

ಅಡುಗೆಮನೆಯಲ್ಲಿ ಕೂತು ಬರೆದೆ. ಮೊದಲು ನನಗೂ ಕೋಣೆಯ ಬೆಳಕೇ ಬಂತು. ಅಷ್ಟು ವರ್ಷ ಚಿತಾಗಾರದ ಬಾಗಿಲಾಚೆಯಿಂದ ಅದನ್ನೇ ಕೇಳಿದ ಕಿವಿ. ಅದನ್ನು ಹರಿದು ಹಾಕಿ, ಮಕ್ರೇಯವರು ಕಲಿಸಿದ ಹಾಗೆ ನನ್ನ ವಾದ ಏನು, ಅದಕ್ಕೆ ಪುರಾವೆ ಏನು, ಎದುರಾಳಿ ಏನೆಂದಾನು ಎಂದು ಕೇಳಿಕೊಂಡೆ. ಮಾರನೆಯ ದಿನ ಶವವಾಹನವನ್ನು ಸಹೋದ್ಯೋಗಿಯ ಕೈಗೆ ಕೊಟ್ಟು ಚಿತಾಗಾರದ ಒಳಗೆ ಹೋಗಿ ಎಲ್ಲರೆದುರು ನಿಂತೆ. ಕ್ಲಿಫ್ ಒಳ್ಳೆಯ ಮನುಷ್ಯ, ಆದರೆ ಒಳ್ಳೆಯವನಂತೆ ಕಾಣಿಸಿಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ ಎಂದು ಶುರುಮಾಡಿದೆ. ಕಪ್ ಫೈನಲ್‌ನಲ್ಲಿ ಸ್ವಂತ ಮಗನಿಗೆ ಕೆಂಪು ಕಾರ್ಡ್ ತೋರಿಸಿದ್ದನ್ನು ಹೇಳಿದೆ. ಆಟ ಮುಗಿದ ಮೇಲೆ ಮಗನ ಕೆಸರು ಬೂಟನ್ನು ತಾನೇ ಹೊತ್ತುಕೊಂಡು, ಒಂದು ಮಾತೂ ಆಡದೆ, ದಾರಿಯಲ್ಲಿ ಅವನಿಗೆ ಬಿಸಿ ಚಿಪ್ಸ್ ಕೊಡಿಸಿ ಮನೆಗೆ ಕರೆತಂದದ್ದನ್ನೂ ಹೇಳಿದೆ. ಆಮೇಲೆ, ಬರೆದುಕೊಂಡಿರದ ಒಂದು ಮಾತು ಬಾಯಿಗೆ ಬಂತು.

"ಕ್ಲಿಫ್ ಕೈಲಿ ಕೆಂಪು ಕಾರ್ಡ್ ತಿಂದು ಮೈದಾನದಿಂದ ಆಚೆ ಹೋದೋರು ಇಲ್ಲಿ ಯಾರ್ಯಾರಿದ್ದೀರಿ? ಕೈ ಎತ್ತಿ ನೋಡೋಣ."

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಆಮೇಲೆ ಇನ್ನೊಂದು. ನೋಡುನೋಡುತ್ತಾ ಅರ್ಧ ಸಭೆ ಕೈ ಎತ್ತಿ ನಿಂತಿತ್ತು. ಬೋಳುತಲೆಯವರು, ಊರುಗೋಲಿನವರು, ಎಲ್ಲರಿಗಿಂತ ಮುಂದೆ ಅವನ ಮಗ. ಲೊರೇನ್ ತಿರುಗಿ ನೋಡಿದಳು. ನಕ್ಕಳು. ನಗುತ್ತಲೇ, ಅಷ್ಟು ದಿನ ಬಾರದ ಅಳು ಬಂದು, ಮಗನ ತೋಳು ಹಿಡಿದುಕೊಂಡಳು.

ಆಮೇಲೆ ಕ್ಲಬ್ಬಿನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಹಂಚುವಾಗ ನನ್ನ ಪಕ್ಕಕ್ಕೆ ಬಂದು, "ಅಲ್ಲಿ ಕಲ್ಸೋದು ಇದನ್ನೇನಾ?" ಎಂದು ಕೇಳಿದಳು. ಇದನ್ನಲ್ಲ, ಇದಕ್ಕೆ ಬೇಕಾದ್ದನ್ನು ಎಂದೆ. ಬೇಸಿಗೆಯಲ್ಲಿ ನನ್ನ ಪುಸ್ತಕಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಬುನಾದಿ ವರ್ಷ ಪಾಸಾಗಿ ನಾನು ಇತಿಹಾಸದ ಪದವಿಗೆ ಸೇರಿದೆ. ಈ ವಸಂತದಲ್ಲಿ ಲೊರೇನ್ ತಾನೇ ಬುನಾದಿ ವರ್ಷಕ್ಕೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಹೊರಟ ದಿನ ಮೂರು ಕೋಟು ಬದಲಿಸಿ, ಕೊನೆಗೆ ನನ್ನದನ್ನು ಹಾಕಿಕೊಂಡು ಹೋದಳು. ಸೀಟು ಸಿಕ್ಕಿತು. ಪಾಠದ ದಿನಗಳಲ್ಲಿ ರಜೆ ಬೇಕೆಂದು ಲಾಂಡ್ರಿಯಲ್ಲಿ ಮ್ಯಾನೇಜರನ ಎದುರು ನಿಂತು ವಾದ ಮಾಡಿ ಗೆದ್ದಳು. ಆ ದಿನ ಅವಳು ನಡೆಯುತ್ತಿದ್ದ ಗತ್ತನ್ನು ತಾವು ನೋಡಬೇಕಿತ್ತು. ಆಮೇಲೆ ತಮ್ಮ ಶುಕ್ರವಾರ ಬಂತು.

ಅವಳು ಕಿರುಚಾಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಫೋನನ್ನು ಬೋರಲು ಹಾಕಿ, ಚಹಾಕ್ಕೆ ನೀರಿಟ್ಟು, ಬಹಳ ಸಮಾಧಾನದಿಂದ ಹೇಳಿದಳು: "ಬಿಡೇ. ಅದು ನಮ್ಮಂಥೋರಿಗಲ್ಲ ಅಂತ ಮೊದಲೇ ಗೊತ್ತಿತ್ತು."

ಕುಲಪತಿಗಳೇ, ಅವಳಿಗೆ ಅದು ಮೊದಲೇ ಗೊತ್ತಿತ್ತು ಎಂಬುದೇ ನನ್ನ ದೂರು. ಆ ತಿಳಿವಳಿಕೆಯನ್ನು ಅವಳ ತಲೆಯಿಂದ ತೆಗೆಯಲು ಒಂದು ಸಾವು ಬೇಕಾಯಿತು. ಮತ್ತೆ ತುಂಬಲು ತಮಗೆ ಒಂದು ಇಮೇಲ್ ಸಾಕಾಯಿತು.

ಈ ತರಗತಿ "ಭವಿಷ್ಯಕ್ಕೆ ಸಜ್ಜಾಗಿಲ್ಲ" ಎಂದಿದ್ದೀರಿ. ಬದಲಿಗೆ "ಉದ್ಯಮ ಮತ್ತು ನಾಯಕತ್ವ"ದ ಬುನಾದಿ ವರ್ಷಕ್ಕೆ ಸೇರಬಹುದೆಂದು ಉದಾರವಾಗಿ ಸೂಚಿಸಿದ್ದೀರಿ. ನಾಯಕತ್ವದ ಕೊರತೆ ನಮ್ಮ ಮನೆಯಲ್ಲಿಲ್ಲ. ಈ ಊರಿನ ಅತಿ ಶಿಸ್ತಿನ ಮೆರವಣಿಗೆಗಳನ್ನು ಮುಂದೆ ನಿಂತು ನಡೆಸುವವಳು ನಾನೇ. ನಡುವೆ ಬಿಟ್ಟುಹೋಗುವವರು ಹೆಚ್ಚು ಎಂದೂ ಹೇಳಿದ್ದೀರಿ. ನಿಜ, ನಮ್ಮ ತರಗತಿಯಲ್ಲೂ ಕೆಲವರು ಕ್ರಿಸ್‌ಮಸ್ ಹೊತ್ತಿಗೆ ಬಿಟ್ಟರು. ಒಬ್ಬರಿಗೆ ಮಗುವಾಯಿತು, ಒಬ್ಬರ ಪಾಳಿ ಬದಲಾಯಿತು, ಇನ್ನೊಬ್ಬರ ಅಮ್ಮ ಬಿದ್ದು ಸೊಂಟ ಮುರಿದುಕೊಂಡರು. ಈಜು ಬಾರದವರು ಮುಳುಗುತ್ತಾರೆಂದು ಈಜು ಕಲಿಸುವ ಕೊಳವನ್ನೇ ಮುಚ್ಚುತ್ತಾರೆಯೆ? ಇನ್ನೊಂದು ಮಾತು. ತಾವು ಓದಿದ್ದು ಪ್ರಾಚೀನ ಗ್ರೀಕ್ ಕಾವ್ಯ ಎಂದು ತಮ್ಮ ಜಾಲತಾಣ ಹೆಮ್ಮೆಯಿಂದ ಹೇಳುತ್ತದೆ. ಅದು ಯಾವ ಭವಿಷ್ಯಕ್ಕೆ ಸಜ್ಜಾಗಿತ್ತು, ಈ ಕುರ್ಚಿಯನ್ನು ಬಿಟ್ಟು? ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ಒದೆಯುವಾಗ "ಕಾರ್ಯತಂತ್ರದ ಮರುಹೊಂದಾಣಿಕೆ" ಎನ್ನುವವರನ್ನು ಕಂಡದ್ದು ಇದೇ ಮೊದಲು.

ನನ್ನ ಬೇಡಿಕೆ ಸರಳ. ತರಗತಿಯನ್ನು ಮರಳಿ ತೆರೆಯಿರಿ. ಸೀಟು ಕೊಟ್ಟು ಕಿತ್ತುಕೊಂಡವರಿಗೆ ಅದನ್ನು ಹಿಂದಿರುಗಿಸಿ, ಸಾಧ್ಯವಾದರೆ ವಾರದ ಮೊದಲಲ್ಲಿ. ತಮಗೆ ಸಾಧ್ಯವಿಲ್ಲವೆಂದಾದರೂ ಪಾಠ ನಿಲ್ಲುವುದಿಲ್ಲ. ಆ ಇಮೇಲ್ ಬಂದವರ ವಿಳಾಸಗಳೆಲ್ಲ ಅದರ ತಲೆಯಲ್ಲೇ ಇದ್ದವು. ಮುಚ್ಚಿಡಲು ತಮ್ಮವರು ಮರೆತಿದ್ದರು. ಎಲ್ಲರಿಗೂ ಬರೆದಿದ್ದೇನೆ, ಬರುತ್ತೇವೆಂದಿದ್ದಾರೆ. ಪಾಠ ಹೇಳಲು ಬರುತ್ತೀರಾ ಎಂದು ಕೇಳಿದಾಗ ಮಕ್ರೇಯವರು, ನನಗೆ ಸೋಮವಾರ ಬಿಡುವು ಎಂದಷ್ಟೇ ಹೇಳಿದರು. ಲೊರೇನ್ ಇನ್ನೂ ಮುನಿಸಿನಲ್ಲಿದ್ದಾಳೆ, ಆದರೆ ಕೂರುವ ಮೆಟ್ಟಿಲು ತಣ್ಣಗಿರುತ್ತದೆಂದು ಹೋಟೆಲಿನ ಹಳೆಯ ಕಂಬಳಿಗಳನ್ನು ಒಗೆದಿಟ್ಟಿದ್ದಾಳೆ. ಪಾಠದ ಅವಧಿ ಶುರುವಾಗುವ ಮೊದಲ ಸೋಮವಾರ ಬೆಳಿಗ್ಗೆ, ತಮ್ಮ ಕಚೇರಿಯ ಮುಂದಿನ ಮೆಟ್ಟಿಲುಗಳ ಮೇಲೆ ನಾವು ಕೂತಿರುತ್ತೇವೆ. ಒಳಗೆ ಹೋಗಲು ತಾವು ನಮ್ಮ ನಡುವೆಯೇ ದಾಟಬೇಕು. ದಯವಿಟ್ಟು ದಾಟಬೇಡಿ, ಕೂತುಕೊಳ್ಳಿ. ಮೊದಲ ವಾರ ಯಾರಿಗೂ ಏನೂ ಅರ್ಥವಾಗುವುದಿಲ್ಲ, ಸಂಕೋಚ ಬೇಡ.

ಇಂತಿ,
ತಮ್ಮ ವಿಶ್ವವಿದ್ಯಾಲಯದಲ್ಲಿ, ಈ ಪತ್ರ ತಲುಪುವವರೆಗಾದರೂ, ಇತಿಹಾಸದ ವಿದ್ಯಾರ್ಥಿನಿಯಾಗಿರುವ
ಗೇನರ್ ಥ್ರೆಲ್‌ಫಾಲ್