ಎಲೆ ಬಿಡದ ಹುಳ

ಜೂನ್ ೧೪, ಮಂಗಳವಾರ

ಮಗಳೇ,

ನಾನು ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಹೊಲಿಗೆ ಜಾಸ್ತಿ ಇತ್ತು ಅಂತ ನೆಪ ಹೇಳಬಹುದು, ಹೇಳುವುದಿಲ್ಲ. ನೀನು ಕೇಳಿದ್ದು ಒಂದೇ: ಹನ್ನೊಂದು ವರ್ಷದ ಹಿಂದೆ, ನಿನ್ನ ಮಗುವನ್ನು ದತ್ತು ಕೊಟ್ಟ ದಿನ, ಆಸ್ಪತ್ರೆಯಲ್ಲಿ ಅರೆಮಂಪರಿನಲ್ಲಿದ್ದ ನಿನ್ನ ಕೈಯಿಂದ ಅದನ್ನು ಕಿತ್ತುಕೊಂಡ ನರ್ಸ್ ಯಾರು, ಈಗ ಎಲ್ಲಿದ್ದಾಳೆ. ಅದಕ್ಕೆ ಬರುತ್ತೇನೆ. ಮೊದಲು ಇಲ್ಲಿಯ ಸಮಾಚಾರ.

ಅಂಗಡಿ ಕಿಟಕಿಯ ಹೊರಗಿನ ಮರ ಬೆಳೆದು ಮಿಷನ್ನಿಗೆ ಬೆಳಕೇ ಇಲ್ಲ. ಕೊಂಬೆ ಕಡಿಯೋಣ ಅಂತ ಮಚ್ಚು ಹಿಡಿದು ಹೋದರೆ, ಎಲೆಯ ಅಡಿಯಲ್ಲಿ ಒಂದು ನಾರುವ ಹುಳ. ತಿಗಣೆ ಜಾತಿಯದೇ, ಆದರೆ ಗಿಡದ ಮೇಲಿನದು. ಉಗುರಿನಷ್ಟಿದೆ. ಹೆಗಲು ಅಗಲ, ಹಿಂದೆ ಚೂಪು, ಥೇಟ್ ಕೋಟಿನ ಜೇಬಿನ ಮುಚ್ಚಳ. ಕಂದು ಬಣ್ಣ, ಬೆನ್ನ ನಡುವೆ ಮುಕ್ಕೋನದ ತೇಪೆ. ಹೊಟ್ಟೆಯಡಿ ತಿಳಿಹಸಿರು ಮೊಟ್ಟೆಗಳು, ಮೂವತ್ತೋ ನಲವತ್ತೋ, ಸಾಸಿವೆ ಅಂಟಿಸಿದ ಹಾಗೆ.

ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ತಿವಿದೆ. ಹಾರಲಿಲ್ಲ. ನಾನು ಎಡಕ್ಕೆ ಹೋದರೆ ಬೆನ್ನನ್ನು ಎಡಕ್ಕೆ ವಾಲಿಸಿತು, ಬಲಕ್ಕೆ ಬಂದರೆ ಬಲಕ್ಕೆ. ಇನ್ನೊಮ್ಮೆ ತಿವಿದದ್ದಕ್ಕೆ ನಾತ ಬಿಟ್ಟಿತು. ಮೂರು ಸಲ ಸೋಪು ಹಾಕಿದರೂ ಕೈ ಬಿಡಲಿಲ್ಲ.

ಗುಂಡಿ ಹೊಲಿಯುವ ದಪ್ಪಕ್ಕ ನಕ್ಕಳು. "ನಿಮಗಿಂತ ಹಟಮಾರಿ ಕೊನೆಗೂ ಸಿಕ್ತಲ್ಲ ಅಕ್ಕಾ!"

"ಬಾಯ್ಮುಚ್ಕೊಂಡು ಗುಂಡಿ ಹಾಕೇ."

"ಮತ್ತೆ ಕೊಂಬೆ?"

"ಇರ್ಲಿ ಬಿಡು, ಹಾಳಾಗಿ ಹೋಗ್ಲಿ."

ಹದಿನೆಂಟು ದಿನ ನೋಡಿದೆ. ತಿನ್ನಲಿಲ್ಲ, ಕದಲಲಿಲ್ಲ. ಗಾಳಿಗೆ ಎಲೆ ಮಗುಚಿದರೂ ಜಾಗ ಬಿಡಲಿಲ್ಲ. ನಿನ್ನೆ ಮರಿಗಳು ಹೊರಬಂದವು. ಈಗಲೂ ಅದರಡಿಯಲ್ಲೇ ಒತ್ತಿಕೊಂಡು ಕೂತಿವೆ. ನಾನು ಹಗಲಲ್ಲೇ ದೀಪ ಹಾಕಿಕೊಂಡು ಹೊಲಿಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಆಯಸ್ಸಿನಲ್ಲಿ ಉಳಿದದ್ದೆಲ್ಲ ನಿನಗೇ ಸೇರಲಿ.

ನಿನ್ನ ಅಮ್ಮ

ಮರೆತದ್ದಲ್ಲ, ಹಿಂದಕ್ಕೆ ತಳ್ಳಿದ್ದು: ಆ ನರ್ಸನ್ನು ಹುಡುಕಬೇಡ. ಅವಳು "ನನ್ ಕೈಲಾಗಲ್ಲಮ್ಮಾ" ಅಂತ ಕೋಣೆಯಿಂದ ಹೊರಗೆ ಹೋಗಿಬಿಟ್ಟಳು. ಕಿತ್ತುಕೊಂಡದ್ದು ಅವಳೇ ಅಂತ ನಿನಗೆ ಹೇಳಿದ್ದು ನಾನು, ಸುಳ್ಳು. ದತ್ತು ಕಾಗದಕ್ಕೆ ನೀನು ಸಹಿ ಹಾಕಿದ್ದೆ, ನಿಜ. ಮಗುವಿನ ಬಟ್ಟೆಯನ್ನು ಮಾತ್ರ ಬಿಡುತ್ತಿರಲಿಲ್ಲ. ನಿನಗೆ ಹತ್ತೊಂಬತ್ತು, ಮುಂದೆ ಬದುಕಿದೆ ಅಂದುಕೊಂಡು ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು. ಕಿರುಬೆರಳು ಎರಡು ಸಲ ಮತ್ತೆ ಹಿಡಿಯಿತು.